ಲಕ್ಸೆಂಬರ್ಗ್ ದಾರಿಯಲ್ಲಿ ಹೇಳಿದ ಮಾತು

ಬಹರೈನ್‌ನಲ್ಲಿ ಇರುವವರಿಗೆ ಸೌದಿಗೆ ಹೋಗುವ ಸೇತುವೆ ದೊಡ್ಡ ಸಂಗತಿಯೇನಲ್ಲ. ವೀಸಾ ಇದ್ದವರು ರಜೆಯ ದಿನ ಬೆಳಿಗ್ಗೆ ಹೊರಟು, ಖೋಬಾರ್‌ನಲ್ಲಿ ಸಾಮಾನು ಕೊಂಡು, ಅಲ್ಲೇ ಊಟ ಮಾಡಿ, ಸಂಜೆಗೆ ಮನೆ ಸೇರುತ್ತಾರೆ. ನನ್ನ ಗೆಳೆಯ ಮಾತ್ರ ಆ ಕಡೆ ಹೋಗುತ್ತಿರಲಿಲ್ಲ. ಯಾರಾದರೂ ಕರೆದರೆ "ನಂಗೆ ಆ ಬ್ರಿಡ್ಜ್ ಆಗುದಿಲ್ಲ ಮಾರಾಯ" ಎನ್ನುತ್ತಿದ್ದ. ಹೊಸಬರು ಅವನಿಗೆ ನೀರಿನ ಭಯ ಇರಬೇಕು ಎಂದುಕೊಳ್ಳುತ್ತಿದ್ದರು. ನನಗೆ ಕಾರಣ ಗೊತ್ತಿತ್ತು. ಅವನಿಗೆ ಗೊತ್ತಿದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ಗೊತ್ತಿತ್ತು.

ನಾವಿಬ್ಬರೂ ಕರಾವಳಿಯವರು. ಅವನು ಮಂಗಳೂರು ಕಡೆಯ ಕ್ರಿಶ್ಚಿಯನ್, ಮನೆಮಾತು ಕೊಂಕಣಿ. ನಾನು ಉಡುಪಿ ಕಡೆಯ ತುಳುವ. ಮೂವತ್ತು ವರ್ಷಗಳ ಹಿಂದೆ ಮೀನಾ ಸಲ್ಮಾನ್ ಬಂದರಿನಲ್ಲಿ ಒಂದೇ ಸಾಗಾಟ ಕಂಪನಿಗೆ ಸೇರಿದ್ದೆವು. ಅವನು ಟ್ರೇಲರ್ ಚಾಲಕ, ನಾನು ಆಫೀಸಿನ ಗುಮಾಸ್ತ. ಗುದೈಬಿಯಾದಲ್ಲಿ ಒಂದು ಕೋಲ್ಡ್ ಸ್ಟೋರಿನ ಮೇಲೆ, ಅಂದರೆ ಅಲ್ಲಿಯ ದಿನಸಿ ಅಂಗಡಿಯ ಮೇಲೆ, ಒಂದೇ ಕೋಣೆಯಲ್ಲಿ ಇಬ್ಬರ ವಾಸ. ಅವನು ವಾರಕ್ಕೆ ಎರಡು ಸಲ ಸೇತುವೆ ದಾಟಿ ದಮ್ಮಾಮಿಗೆ ಸರಕು ಒಯ್ಯುತ್ತಿದ್ದ. ಚಾಲಕರ ಪಾಸ್‌ಪೋರ್ಟುಗಳೆಲ್ಲ ನನ್ನ ಬೆನ್ನ ಹಿಂದಿನ ಉಕ್ಕಿನ ಕಪಾಟಿನಲ್ಲಿ ಇರುತ್ತಿದ್ದವು. ಹೊರಡುವ ಬೆಳಿಗ್ಗೆ ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಒಂದು ಚೀಟಿಗೆ ಸಹಿ ಮಾಡಬೇಕು. ಚೀಟಿ ನೋಡಿ ನಾನು ಪಾಸ್‌ಪೋರ್ಟ್ ಕೊಡಬೇಕು. ಮರಳಿ ಬಂದ ಕೂಡಲೇ ವಾಪಸು ತೆಗೆದುಕೊಳ್ಳಬೇಕು. ಆಗ ಎಲ್ಲ ಕಡೆ ಹಾಗೆಯೇ ಇತ್ತು. ಯಾರೂ ಅದನ್ನು ಪ್ರಶ್ನಿಸುತ್ತಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನದ ಹೊತ್ತಿಗೆ ಆಫೀಸಿನ ಫೋನಿಗೆ ದಮ್ಮಾಮಿನಿಂದ ಕರೆ ಬಂತು. ಎತ್ತಿದ್ದು ನಾನೇ. ಗೆಳೆಯನ ಅಣ್ಣ ಅಲ್ಲಿ ಕಟ್ಟಡ ಕೆಲಸದಲ್ಲಿದ್ದ. ಸಾರುವೆಯ ಮೇಲಿಂದ ಬಿದ್ದು ಆಸ್ಪತ್ರೆ ಸೇರಿದ್ದಾನೆ ಎಂದು ಅವನ ಜೊತೆಗಾರ ಹೇಳಿದ. "ಎಚ್ಚರ ಉಂಟು. ತಮ್ಮ ಎಲ್ಲಿ, ತಮ್ಮ ಎಲ್ಲಿ ಅಂತ ಕೇಳ್ತಾ ಇದ್ದಾನೆ. ಬೇಗ ಕಳಿಸಿ."

ನಾನು ಅಂಗಳಕ್ಕೆ ಹೋಗಿ, ಟ್ರೇಲರಿನ ಅಡಿಯಲ್ಲಿ ಗ್ರೀಸ್ ಹಚ್ಚುತ್ತಿದ್ದ ಅವನನ್ನು ಕರೆದು ಹೇಳಿದೆ. ಅವನು ಹಳೆ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ನನ್ನ ಹಿಂದೆಯೇ ಬಂದು ಮೇಜಿನ ಎದುರು ನಿಂತ. "ಪಾಸ್‌ಪೋರ್ಟ್ ಕೊಡು" ಎಂದ.

ಆಗೆಲ್ಲ ಗುರುವಾರ ಅರ್ಧ ದಿನ, ಶುಕ್ರವಾರ ರಜೆ. ಮುದೀರ್ ಆಗಲೇ ಮನೆಗೆ ಹೋಗಿದ್ದರು. ಸಹಿ ಮಾಡುವವರಿಲ್ಲ. ನನಗಿಂತ ಮೊದಲು ಆ ಮೇಜಿನಲ್ಲಿ ಕೂತಿದ್ದವನು ಸಹಿ ಇಲ್ಲದೆ ಒಬ್ಬನಿಗೆ ಪಾಸ್‌ಪೋರ್ಟ್ ಕೊಟ್ಟಿದ್ದ. ಆ ಚಾಲಕ ಮತ್ತೆ ಬರಲೇ ಇಲ್ಲ. ಎರಡು ದಿನದೊಳಗೆ ಗುಮಾಸ್ತನನ್ನು ವಿಮಾನ ಹತ್ತಿಸಿದ್ದರು. ನಾನು ಸೇರಿ ಎಂಟು ತಿಂಗಳಾಗಿತ್ತು. ಕಪಾಟಿಗೆ ಎರಡು ಬೀಗದ ಕೈ. ಒಂದು ಮುದೀರ್ ಹತ್ತಿರ. ಇನ್ನೊಂದು ನನ್ನ ಡ್ರಾಯರಿನಲ್ಲಿ, ಮೊಹರಿನ ಶಾಯಿ ಡಬ್ಬಿಯ ಕೆಳಗೆ.

"ಕೀ ಮುದೀರ್ ಹತ್ರ ಉಂಟು" ಎಂದೆ. "ಶನಿವಾರ ಬರ್ತಾರೆ."

"ಫೋನ್ ಮಾಡಿ ನೋಡು."

ಮಾಡಿದೆ. ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಎರಡನೆಯ ಸಲ ಮಾಡಲಿಲ್ಲ. ಅವನು ಅರ್ಧ ಗಂಟೆ ಅಲ್ಲೇ ನಿಂತಿದ್ದು ಹೋದ.

ಮರುದಿನ ಹನ್ನೊಂದರ ಸುಮಾರಿಗೆ ಕೆಳಗಿನ ಕೋಲ್ಡ್ ಸ್ಟೋರಿನವನು ಫೋನ್ ಬಂದಿದೆ ಎಂದು ಕೂಗಿದ. ಗೆಳೆಯನ ಹಿಂದೆಯೇ ನಾನೂ ಇಳಿದೆ. ಅವನು ಕೇಳಿಸಿಕೊಂಡ. ರಿಸೀವರನ್ನು ಫೋನಿನ ಮೇಲಿಡುವ ಬದಲು ಗಲ್ಲಾದ ಗಾಜಿನ ಮೇಲಿಟ್ಟು, ಮೆಟ್ಟಿಲ ಹತ್ತಿರ ಕೂತುಬಿಟ್ಟ. ಅಣ್ಣ ಬೆಳಗಿನ ಜಾವ ತೀರಿಕೊಂಡಿದ್ದ.

ಶನಿವಾರ ಮುದೀರ್ ಬಂದು ವಿಷಯ ಕೇಳಿದವರೇ ತಾವಾಗಿ ಕಪಾಟು ತೆರೆದು ಪಾಸ್‌ಪೋರ್ಟನ್ನು ಅವನ ಕೈಗಿಟ್ಟರು, ಹೆಗಲು ಹಿಡಿದು ಏನೋ ಸಮಾಧಾನ ಹೇಳಿದರು. ಅವನು ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಹತ್ತಿರ ಒಂದು ಕೀ ಇತ್ತಲ್ಲ, ಕೊಡಬಾರದಿತ್ತೇ?" ಎಂದು ಹಿಂದಿಯಲ್ಲಿ ಕೇಳಿದರು. ಸಹಿ ಇರಲಿಲ್ಲ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಆ ಮಾತು ಎತ್ತಲಿಲ್ಲ.

ಕಾಗದಪತ್ರ ಮುಗಿದು ಶವ ಊರಿಗೆ ಬರಲು ಮೂರು ವಾರ ಹಿಡಿಯಿತು. ಗೆಳೆಯ ದಮ್ಮಾಮಿಗೆ ಹೋಗದೆ ಇಲ್ಲಿಂದಲೇ ರಜೆ ಹಾಕಿ ಊರಿಗೆ ಹೋಗಿದ್ದ. ಪೆಟ್ಟಿಗೆಯನ್ನು ತೆರೆಯಲಿಲ್ಲವಂತೆ, ಮುಚ್ಚಿದ ಹಾಗೆಯೇ ಮಣ್ಣು ಮಾಡಿದರಂತೆ. ತಿರುಗಿ ಬಂದವನು ದಮ್ಮಾಮ್ ದಾರಿ ತನಗೆ ಬೇಡವೆಂದು ಬೇಡಿಕೊಂಡು ಗ್ಯಾರೇಜಿಗೆ ಸೇರಿದ.

ಆಮೇಲೆ ನಮ್ಮಿಬ್ಬರಿಗೂ ಮದುವೆಯಾಯಿತು, ಕಂಪನಿ ಬದಲಾಯಿತು. ಹೆಂಡಂದಿರು ಬಂದರು. ಗುದೈಬಿಯಾದಲ್ಲಿಯೇ ಎರಡು ಗಲ್ಲಿಗಳ ಅಂತರದಲ್ಲಿ ಮನೆ ಮಾಡಿದೆವು. ಶುಕ್ರವಾರದ ಊಟ ಒಂದು ವಾರ ಅವರಲ್ಲಿ, ಒಂದು ವಾರ ನಮ್ಮಲ್ಲಿ. ಅವನ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಅವನ ಜೊತೆ ಕಾದವನು ನಾನು. ನನ್ನ ಹೆಂಡತಿಗೆ ಆಪರೇಷನ್ ಆದಾಗ ರಕ್ತ ಕೊಟ್ಟವನು ಅವನು. ಅಣ್ಣನ ಹೆಸರನ್ನು ಅವನು ಎತ್ತುತ್ತಿರಲಿಲ್ಲ. ನಾನೂ ಎತ್ತಲಿಲ್ಲ. ಹೇಳಬೇಕೆಂದು ಎಷ್ಟೋ ಸಲ ಹೊರಟಿದ್ದೇನೆ. ಪ್ರತಿ ಸಲ ಅವನು ನಗುತ್ತಿರುತ್ತಿದ್ದ, ಇಲ್ಲವೇ ಸುಸ್ತಾಗಿರುತ್ತಿದ್ದ, ಇಲ್ಲವೇ ನನ್ನ ತಟ್ಟೆಗೆ ಮೀನು ಬಡಿಸುತ್ತಿದ್ದ.

ಅವನ ಮಗಳು ನರ್ಸಿಂಗ್ ಕಲಿತು ಜರ್ಮನಿಗೆ ಹೋದಳು. ಕಲೋನ್ ಹತ್ತಿರದ ಒಂದು ಊರಿನಲ್ಲಿ ಕೆಲಸ. ಕಳೆದ ವರ್ಷ ಜೂನ್‌ನಲ್ಲಿ ನಮ್ಮ ನಾಲ್ವರನ್ನೂ ಹಟಮಾಡಿ ಕರೆಸಿಕೊಂಡಳು. ವೀಸಾ ಅರ್ಜಿಗಳನ್ನೆಲ್ಲ ತುಂಬಿಸಿದ್ದು ನಾನೇ. ಅವಳಿಗೆ ಡ್ಯೂಟಿ ಇದ್ದ ಒಂದು ದಿನ, ಬಾಡಿಗೆ ಕಾರಿನಲ್ಲಿ ನಾವೇ ಸುತ್ತಿ ಬರುವುದೆಂದಾಯಿತು. ಜರ್ಮನಿಯಿಂದ ಹೊರಟು, ನೆದರ್ಲ್ಯಾಂಡ್ಸಿನ ಒಂದು ಮೂಲೆ ಮುಟ್ಟಿ, ಬೆಲ್ಜಿಯಂ ಹಾದು ಲಕ್ಸೆಂಬರ್ಗಿಗೆ ಹೋಗಿ, ಸಂಜೆಗೆ ಜರ್ಮನಿಗೆ ಮರಳುವುದು. ಒಂದೇ ದಿನದಲ್ಲಿ ನಾಲ್ಕು ದೇಶ ಎಂದು ಹೆಂಗಸರಿಬ್ಬರಿಗೂ ಸಂಭ್ರಮ. ಗೆಳೆಯನ ಹೆಂಡತಿ ಬೆಳಿಗ್ಗೆ ಎದ್ದು ಚಪಾತಿ, ಮೊಟ್ಟೆ ಪಲ್ಯ, ಚಿತ್ರಾನ್ನ ಕಟ್ಟಿದಳು. ಮಗಳು ಫ್ಲಾಸ್ಕಿಗೆ ಚಹಾ ಹಾಕಿಕೊಟ್ಟು, "ಅಂಕಲ್, ಪಾಸ್‌ಪೋರ್ಟ್ ಎಲ್ಲ ಜೊತೆಗೇ ಇರ್ಲಿ, ಕೆಲವು ಕಡೆ ಚೆಕ್ ಮಾಡ್ತಾರೆ" ಎಂದಳು.

"ಎಲ್ಲ ಅವನ ಹತ್ರ ಕೊಡು" ಎಂದ ಗೆಳೆಯ. "ಅವನೇ ನಮ್ಮ ಆಫೀಸು." ನಾಲ್ಕೂ ಪಾಸ್‌ಪೋರ್ಟುಗಳನ್ನು ನಾನು ಸೊಂಟದ ಚೀಲಕ್ಕೆ ಹಾಕಿಕೊಂಡೆ.

ಓಡಿಸಿದ್ದು ಅವನೇ. ಬಹರೈನ್‌ನಂತೆ ಅಲ್ಲಿಯೂ ರಸ್ತೆಯ ಬಲಬದಿಯಲ್ಲೇ ಹೋಗುವುದರಿಂದ ಅವನಿಗೆ ಕಷ್ಟವಾಗಲಿಲ್ಲ. ನಾನು ಪಕ್ಕದಲ್ಲಿ ಫೋನಿನ ನಕ್ಷೆ ಹಿಡಿದು ಕೂತಿದ್ದೆ. ನನ್ನ ಹೆಂಡತಿ ಕುಂದಾಪುರದವಳು, ಅವಳಿಗೆ ತುಳು ಬಾರದು. ಅದಕ್ಕಾಗಿ ನಾಲ್ವರೂ ಸೇರಿದಾಗ ನಮ್ಮದು ಕನ್ನಡವೇ.

ಆಖೆನ್ ಊರು ದಾಟಿದ ಮೇಲೆ, ಮೂರು ದೇಶಗಳು ಸೇರುವ ಒಂದು ಗುಡ್ಡ. ಮೇಲೆ ಒಂದು ಕಲ್ಲಿನ ಕಂಬ. ನೆಲದಲ್ಲಿ ಗೆರೆಗಳು. ಜನ ಒಂದೊಂದು ದೇಶದಲ್ಲಿ ಒಂದೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮವರೂ ತೆಗೆಸಿಕೊಂಡರು. ಗೆಳೆಯ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡು ಕಂಬಕ್ಕೆ ಸುತ್ತು ಬಂದ. ಮತ್ತೊಂದು ಸುತ್ತು ಬಂದ.

"ಎಂತ, ಪ್ರದಕ್ಷಿಣೆ ಹಾಕುದಾ ನೀವು?" ಎಂದು ಅವನ ಹೆಂಡತಿ ನಕ್ಕಳು.

"ಪೊಲೀಸ್ ಎಲ್ಲಿದ್ದಾನೆ ಅಂತ ನೋಡ್ತಾ ಇದ್ದೇನೆ" ಎಂದ ಅವನು.

"ಇಲ್ಲಿ ಯಾರೂ ಇರುದಿಲ್ಲ" ಎಂದೆ ನಾನು.

"ಮತ್ತೆ ಕೇಳುದು ಯಾರು?"

"ಯಾರೂ ಕೇಳುದಿಲ್ಲ."

ಅವನು ತಲೆಯಾಡಿಸಿ ಕಾರಿನ ಕಡೆ ನಡೆದ. ನಗುತ್ತಿದ್ದ ಮುಖ ಆಗಲೇ ಸಣ್ಣಗಾಗಿತ್ತು.

ಬೆಲ್ಜಿಯಂನಲ್ಲಿ ದಾರಿ ಕಾಡು ಗುಡ್ಡಗಳ ನಡುವೆ ಏರಿ ಇಳಿಯಿತು. ಬೋರ್ಡುಗಳ ಭಾಷೆ ಫ್ರೆಂಚಿಗೆ ತಿರುಗಿತು. ಹಿಂದಿನ ಸೀಟಿನಲ್ಲಿ ಹೆಂಗಸರು ಚಪಾತಿ ಸುರುಳಿ ಮಾಡಿ ನಮ್ಮ ಕೈಗೆ ಕೊಡುತ್ತಿದ್ದರು. ಗೆಳೆಯ ಒಂದು ಕೈಯಲ್ಲಿ ತಿನ್ನುತ್ತ, ಒಂದು ಕೈಯಲ್ಲಿ ಓಡಿಸುತ್ತಿದ್ದ. ಗಂಟೆ ಕಳೆದ ಮೇಲೆ ಕೇಳಿದ: "ಲಕ್ಸೆಂಬರ್ಗ್ ಎಲ್ಲಿಂದ ಶುರು?"

ನಾನು ಫೋನ್ ನೋಡಿದೆ. "ಆಗ್ಲೇ ಬಂದಾಯ್ತು. ಐದು ನಿಮಿಷ ಆಯ್ತು."

"ಎಲ್ಲಿ? ನಂಗೆ ಕಾಣ್ಲಿಲ್ಲ."

"ಒಂದು ನೀಲಿ ಬೋರ್ಡ್ ಇತ್ತು."

ಅವನು ಮುಂದಿನ ತಿರುವಿನಲ್ಲಿ ಹೆದ್ದಾರಿಯಿಂದ ಕೆಳಗಿಳಿದು, ಹಳೆಯ ರಸ್ತೆ ಹಿಡಿದು ಹಿಂದಕ್ಕೆ ಓಡಿಸಿದ. ಎಲ್ಲಿಗೆ ಎಂದು ಕೇಳಿದರೆ "ಒಮ್ಮೆ ನೋಡ್ತೇನೆ" ಎಂದಷ್ಟೇ. ಸ್ವಲ್ಪ ದೂರದಲ್ಲಿ ಗಡಿ ಸಿಕ್ಕಿತು. ರಸ್ತೆಯ ಒಂದು ಬದಿಗೆ ಸಾಲಾಗಿ ಪೆಟ್ರೋಲ್ ಬಂಕುಗಳು. ಅವುಗಳಾಚೆ ಒಂದು ಸಣ್ಣ ಹಳೆಯ ಕಟ್ಟಡ, ಹಿಂದೆ ಕಸ್ಟಮ್ಸ್ ಆಗಿದ್ದಿರಬೇಕು. ಕಿಟಕಿಗೆ ಹಲಗೆ ಬಡಿದಿದ್ದರು. ಗೋಡೆ ಬದಿಯಲ್ಲಿ ಹುಲ್ಲು ಬೆಳೆದಿತ್ತು. ಅವನು ಅದರೆದುರು ಕಾರು ನಿಲ್ಲಿಸಿ ಇಳಿದ. ಹೆಂಗಸರು ಬಾಗಿಲು ತೆರೆದಿಟ್ಟು ಫ್ಲಾಸ್ಕಿನಿಂದ ಚಹಾ ಸುರಿಯತೊಡಗಿದರು. ನಾನು ಎರಡು ಲೋಟ ಹಿಡಿದು ಅವನ ಬಳಿ ಹೋದೆ.

ಅವನು ಹಲಗೆ ಬಡಿದ ಕಿಟಕಿಯ ಮೇಲೆ ಅಂಗೈ ಇಟ್ಟು ನಿಂತಿದ್ದ. ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ.

"ಇಷ್ಟೇ ಮಾರಾಯ" ಎಂದ. "ಒಂದು ಬೋರ್ಡ್. ನಾನು ಚಪಾತಿ ತಿನ್ನುವಾಗ ದಾಟಿ ಬಂದೆ."

ನಾನು ಲೋಟ ಕೊಟ್ಟೆ. ಅವನು ಕುಡಿಯಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅಣ್ಣನ ಮಾತು ತೆಗೆದ. ಆ ಗುರುವಾರ ರಾತ್ರಿ ನಿದ್ದೆ ಬಾರದೆ, ಕೋಣೆಯಲ್ಲಿ ನಾನು ಮಲಗಿದ ಮೇಲೆ ಎದ್ದು ಟ್ಯಾಕ್ಸಿ ಹಿಡಿದು ಸೇತುವೆಯ ಈಚೆ ತುದಿಯವರೆಗೆ ಹೋಗಿದ್ದನಂತೆ. ಟೋಲ್ ಗೇಟಿನ ಹತ್ತಿರ ದೀಪಗಳನ್ನು ನೋಡುತ್ತ ನಿಂತು, ಅದೇ ಟ್ಯಾಕ್ಸಿಯಲ್ಲಿ ಮರಳಿದನಂತೆ. ಇದು ನನಗೆ ಗೊತ್ತಿರಲಿಲ್ಲ.

"ಅವನು ಕೇಳಿದ್ದು ನನ್ನನ್ನು" ಎಂದ. "ಅಮ್ಮನನ್ನಲ್ಲ, ಹೆಂಡ್ತಿಯನ್ನಲ್ಲ. ನಾನು ಹತ್ತಿರ ಇದ್ದೆ ಅಲ್ವಾ, ಅದಕ್ಕೆ." ನನ್ನ ತೋಳು ಮುಟ್ಟಿದ. "ನೀನಾದ್ರೂ ಎಂತ ಮಾಡ್ತಿದ್ದೆ ಪಾಪ. ನಿನ್ನ ಹತ್ರ ಕೀ ಇರ್ಲಿಲ್ಲ."

ಅವನು ನನ್ನನ್ನು ಬೈದಿದ್ದರೆ ಆ ದಿನವೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಆ 'ಪಾಪ' ಅನ್ನುವ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

"ಇತ್ತು" ಎಂದೆ.

ಅವನಿಗೆ ಅರ್ಥವಾಗಲಿಲ್ಲ. "ಎಂತ ಇತ್ತು?"

"ಕೀ. ಒಂದು ಕೀ ನನ್ನ ಹತ್ರವೇ ಇತ್ತು. ಹೆದರಿಕೆಯಲ್ಲಿ ಇಲ್ಲ ಅಂತ ಹೇಳಿದೆ."

ಒಂದು ಲಾರಿ ಹೋಯಿತು, ಅದರ ಹಿಂದೆ ಇನ್ನೊಂದು. ಅವೂ ನಿಲ್ಲದೆ ಗಡಿ ದಾಟಿದವು.

"ಎಲ್ಲಿತ್ತು?" ಎಂದು ಕೇಳಿದ.

"ಡ್ರಾಯರಲ್ಲಿ."

"ಆ ಮೇಜಿನ ಡ್ರಾಯರಲ್ಲಿ? ನಾನು ಎದುರು ನಿಂತಿದ್ದೆ ಅಲ್ವಾ, ಆ ಮೇಜು?"

"ಹೌದು."

ಅವನು ಚಹಾವನ್ನು ಹುಲ್ಲಿಗೆ ಚೆಲ್ಲಿದ. ಲೋಟವನ್ನು ಮಗುಚಿ ಹಿಡಿದುಕೊಂಡೇ ನಿಂತ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದನ್ನು ಅವನಿಗೂ ಹೇಳಿದೆ. "ಟ್ರೇಲರ್ ಇಲ್ಲದೆ ಬರೀ ಡ್ರೈವರ್ ವೀಸಾದಲ್ಲಿ ಅವರು ನಿನ್ನನ್ನು ಬಿಡ್ತಿರ್ಲಿಲ್ಲ. ಚೆಕ್‌ಪೋಸ್ಟಿಂದಲೇ ವಾಪಸ್ ಕಳಿಸ್ತಿದ್ರು."

"ಕಳಿಸುದಾದ್ರೆ ಅವರು ಕಳಿಸ್ತಿದ್ರು" ಎಂದ ಅವನು. ದನಿ ಏರಲಿಲ್ಲ. "ಅದು ಅವರ ಕೆಲಸ. ನಿನ್ನದಲ್ಲ. ನಾನು ಅಲ್ಲಿ ನಿಂತು ಕೇಳ್ತಿದ್ದೆ. ಕಾಲು ಹಿಡಿತಿದ್ದೆ. ಬಿಡದಿದ್ರೂ, ತಮ್ಮ ಬ್ರಿಡ್ಜ್ ವರೆಗೆ ಬಂದಿದ್ದಾನೆ ಅಂತ ಯಾರಾದ್ರೂ ಅಣ್ಣನಿಗೆ ಹೇಳ್ತಿದ್ರು."

ಕ್ಷಮೆ ಕೇಳಬೇಕಿತ್ತು. ಅದು ಬಾಯಿಗೆ ಬರಲಿಲ್ಲ. ತಿರುಗಿ ನೋಡಿದರೆ ನನ್ನ ಹೆಂಡತಿ ನಾಲ್ಕು ಹೆಜ್ಜೆ ಹಿಂದೆ ಚಿತ್ರಾನ್ನದ ಡಬ್ಬಿ ಹಿಡಿದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ, ಮುಖ ಬಿಳುಚಿತ್ತು.

ಗೆಳೆಯ ಕಾರಿನ ಬಳಿ ಹೋಗಿ, ಬಾಗಿಲು ತೆರೆಯುವ ಮೊದಲು ನನ್ನ ಕಡೆ ಕೈ ಚಾಚಿದ.

"ನಮ್ಮಿಬ್ಬರ ಪಾಸ್‌ಪೋರ್ಟ್ ಕೊಡು."

ನಾನು ಚೀಲದಿಂದ ಹುಡುಕಿ ಎರಡನ್ನು ತೆಗೆದುಕೊಟ್ಟೆ. ಅವನು ಹೆಸರು ನೋಡಿ, ಅಂಗಿಯ ಕಿಸೆಗೆ ಹಾಕಿ ಗುಂಡಿ ಹಾಕಿಕೊಂಡ.

ಅಲ್ಲಿಂದ ಮುಂದೆ ಪ್ರವಾಸ ನಿಲ್ಲಲಿಲ್ಲ. ಲಕ್ಸೆಂಬರ್ಗ್ ನಗರಕ್ಕೆ ಹೋದೆವು, ಕಣಿವೆಯ ಮೇಲಿನ ಸೇತುವೆ ನೋಡಿದೆವು, ಚೌಕದಲ್ಲಿ ಕೂತು ಕಾಫಿ ಕುಡಿದೆವು. ಅವನು ನನ್ನ ಹೆಂಡತಿಗೆ ಕುರ್ಚಿ ಎಳೆದುಕೊಟ್ಟ. ಸಕ್ಕರೆ ಬೇಕಾ ಎಂದು ಕೇಳಿದ. ನನ್ನನ್ನೂ ಕೇಳಿದ, ಅದೇ ದನಿಯಲ್ಲಿ. ಏನೂ ತಿಳಿಯದ ಅವನ ಹೆಂಡತಿ ನಮ್ಮಿಬ್ಬರನ್ನು ಜೊತೆಗೆ ನಿಲ್ಲಿಸಿ ಫೋಟೋ ತೆಗೆದಳು. ಆ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದೇವೆ.

ಸಂಜೆ ಜರ್ಮನಿಗೆ ಮರಳುವಾಗ ನದಿ ದಾಟಿದ ಕೂಡಲೇ ಪೊಲೀಸರು ವಾಹನಗಳನ್ನು ನಿಲ್ಲಿಸುತ್ತಿದ್ದರು. ಬಿಸಿಲು ಇನ್ನೂ ಇತ್ತು. ಒಬ್ಬ ಅಧಿಕಾರಿ ಬಗ್ಗಿ ನಮ್ಮ ಮುಖಗಳನ್ನು ನೋಡಿ ಪಾಸ್‌ಪೋರ್ಟ್ ಕೇಳಿದ. ಗೆಳೆಯ ಕಿಸೆಯ ಗುಂಡಿ ಬಿಚ್ಚಿ ತಮ್ಮಿಬ್ಬರದನ್ನು ಕೊಟ್ಟ. ನಾನು ಈ ಕಿಟಕಿಯಿಂದ ನಮ್ಮಿಬ್ಬರದನ್ನು ಚಾಚಿದೆ. ಅಧಿಕಾರಿ ಪುಟ ತಿರುವಿ, ಶುಭ ಸಂಜೆ ಹೇಳಿ ಕಳಿಸಿದ. ಎರಡು ನಿಮಿಷವೂ ಆಗಲಿಲ್ಲ.

ಆ ದಿನ ಮಲಗುವ ಮುಂಚೆ ನನ್ನ ಹೆಂಡತಿ ಕೇಳಿದಳು: "ನಂಗೂ ಹೇಳ್ಲಿಲ್ಲ ಅಲ್ದಾ ನೀವು?" ಹೇಳಿದ್ದರೆ ಅವರ ಮನೆಯ ಅನ್ನ ತನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದಳು. ಆಮೇಲೆ ಗೋಡೆ ಕಡೆ ತಿರುಗಿಕೊಂಡಳು.

ಬಹರೈನ್‌ಗೆ ಬಂದ ಮೇಲೆ ಶುಕ್ರವಾರದ ಊಟ ನಿಂತಿತು. ಜಗಳವೇನೂ ಆಗಲಿಲ್ಲ. ಮೊದಲ ವಾರ ಅವನಿಗೆ ಗ್ಯಾರೇಜಿನಲ್ಲಿ ಕೆಲಸ, ಮುಂದಿನ ವಾರ ತಲೆನೋವು, ಆಮೇಲೆ ನಾವು ಕರೆಯುವುದನ್ನು ಬಿಟ್ಟೆವು, ಅವರು ನೆಪ ಹೇಳುವುದನ್ನು ಬಿಟ್ಟರು. ಪಕ್ಕದ ಹೂರಾ ಬಡಾವಣೆಯ ತರಕಾರಿ ಅಂಗಡಿಯಲ್ಲಿ ಒಮ್ಮೆ ಎದುರಾದ. "ಹೇಗಿದ್ದೀ?" ಎಂದ. "ಹುಷಾರು" ಎಂದೆ. ಬೆಂಡೆಕಾಯಿ ಆರಿಸಿ ಮುಗಿಯುವವರೆಗೆ ಪಕ್ಕದಲ್ಲೇ ನಿಂತಿದ್ದು ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಟೆವು.

ಎರಡು ತಿಂಗಳ ನಂತರ ಅವನ ಹೆಂಡತಿ ನನ್ನ ಹೆಂಡತಿಗೆ ಫೋನ್ ಮಾಡಿದಳು. ಅವರಿಬ್ಬರೂ ದಮ್ಮಾಮಿಗೆ ಹೋಗಿ ಬಂದಿದ್ದರು. ಈಗ ಆ ವೀಸಾ ಫೋನಿನಲ್ಲೇ ಸಿಗುತ್ತದೆ. ಮೊದಲಾದರೆ ಅಂಥ ಅರ್ಜಿ ನನ್ನ ಹತ್ತಿರ ಬರುತ್ತಿತ್ತು. ಇದನ್ನು ಮಗಳು ಜರ್ಮನಿಯಿಂದಲೇ ತುಂಬಿಸಿದ್ದಳು. ಅಣ್ಣನಿದ್ದ ಆಸ್ಪತ್ರೆಯ ಹಳೆಯ ಕಟ್ಟಡ ಈಗ ಇಲ್ಲವಂತೆ. ಕಾವಲಿನವನನ್ನು ಹಿಂದಿಯಲ್ಲಿ ವಿಚಾರಿಸಿದಾಗ, ಅದು ಇದ್ದದ್ದು ಅಲ್ಲಿ ಎಂದು ಕಾರು ನಿಲ್ಲಿಸುವ ಜಾಗ ತೋರಿಸಿದನಂತೆ. ಗೆಳೆಯ ಎರಡು ಕಾರುಗಳ ನಡುವೆ ಟೋಪಿ ತೆಗೆದು ನಿಂತನಂತೆ. ಹೆಂಡತಿ ಪಕ್ಕದಲ್ಲಿ ಜಪಸರ ಹಿಡಿದು ಪ್ರಾರ್ಥನೆ ಮುಗಿಸುವವರೆಗೂ ಅಲ್ಲಾಡಲಿಲ್ಲವಂತೆ. ವಿಷಯವೆಲ್ಲ ತನಗೆ ಆ ದಿನ ಸೇತುವೆಯ ಮೇಲೆ ಗೊತ್ತಾಯಿತು ಎಂದೂ ಅವಳು ಹೇಳಿದಳು. ನನ್ನ ಬಗ್ಗೆ ಬೇರೆ ಏನೂ ಹೇಳಲಿಲ್ಲ.

ಅದಾಗಿ ಮೂರನೆಯ ಶುಕ್ರವಾರ ಅವನು ಕರೆಯದೆಯೇ ಬಂದ. ಒಬ್ಬನೇ ಬಂದಿದ್ದ. ನನ್ನ ಹೆಂಡತಿ ಗಡಿಬಿಡಿಯಲ್ಲಿ ಇನ್ನೊಂದು ತಟ್ಟೆ ಇಟ್ಟು, ನಮ್ಮಿಬ್ಬರಿಗೂ ಬಡಿಸಿ, ಅಡುಗೆಮನೆಯಲ್ಲೇ ಉಳಿದಳು.

"ಹೋಗಿ ಬಂದೆ" ಎಂದ.

"ಗೊತ್ತಾಯ್ತು."

"ಹೋಗ್ಲಿಕ್ಕೆ ಒಂದು ಗಂಟೆ ಹಿಡಿಯಿತು. ಅಷ್ಟೇ."

ಆಗ ನಾನು, ಗಡಿಯಲ್ಲಿ ಹೇಳಲಾಗದೆ ಉಳಿದದ್ದನ್ನು ಹೇಳಿದೆ. "ನನ್ನಿಂದ ತಪ್ಪಾಯ್ತು."

ಅವನು ಅನ್ನ ಕಲಸುವುದನ್ನು ನಿಲ್ಲಿಸಿದ. "ಆಯ್ತು" ಎನ್ನಲಿಲ್ಲ. "ಪರವಾಗಿಲ್ಲ" ಎಂದೂ ಹೇಳಲಿಲ್ಲ. "ನೀನು ಅಣ್ಣನನ್ನು ನೋಡಿದ್ದಿಲ್ಲ ಅಲ್ವಾ?" ಎಂದು ಕೇಳಿದ.

"ಇಲ್ಲ."

"ನನಗಿಂತ ಗಿಡ್ಡ. ಬರೆಯುದೆಲ್ಲ ಎಡಗೈಯಲ್ಲಿ. ಶಾಲೆಯಲ್ಲಿ ಅದಕ್ಕೆ ಪೆಟ್ಟು ತಿಂತಿದ್ದ." ಅವನು ಮತ್ತೆ ಅನ್ನ ಕಲಸತೊಡಗಿದ. "ನಂಗೆ ಸೈಕಲ್ ಕಲಿಸಿದ್ದು ಅವನು. ಹಿಂದೆ ಹಿಡಿದುಕೊಂಡೇ ಇದ್ದೇನೆ ಅಂತ ಹೇಳಿ ಬಿಟ್ಟುಬಿಡ್ತಿದ್ದ."

ಈಗ ಅವನು ಪ್ರತಿ ವಾರ ಬರುವುದಿಲ್ಲ. ಬಂದಾಗ ಕೆಲವೊಮ್ಮೆ ಅಣ್ಣನ ಒಂದು ಮಾತು ಹೇಳುತ್ತಾನೆ, ಕೆಲವೊಮ್ಮೆ ಗ್ಯಾರೇಜಿನ ಸುದ್ದಿ ಹೇಳಿ ಹೊರಡುತ್ತಾನೆ. ನಾನು ಕೇಳುತ್ತೇನೆ. ಅವನ ಹೆಂಡತಿ ಇನ್ನೂ ನಮ್ಮ ಮನೆಗೆ ಬಂದಿಲ್ಲ.